ಶಾಲೆ ಹತ್ತಿರದ ಎಂಆರ್‌ಪಿ ಮದ್ಯದಂಗಡಿ: ಯಾರಿಗೆ ದೂರು?

ಶಾಲೆ ಪಕ್ಕದ ಮದ್ಯದಂಗಡಿ ಮುಚ್ಚಿಸೋಕೆ ಪಾಲಿಕೆಗೆ ಅರ್ಜಿ ಕೊಟ್ಟರೆ ಸಾಕಾ ಅಂತ ಕೇಳಿದ್ದೀರಿ. ಸಾಲದು ಸರ್. ಬೆಂಗಳೂರಲ್ಲಿ ಪಾಲಿಕೆ ಕೊಡುವುದು ಟ್ರೇಡ್ ಲೈಸೆನ್ಸ್ ಅಷ್ಟೇ. ಮದ್ಯದ ಸನ್ನದು ಅಬಕಾರಿ ಇಲಾಖೆಯದು, ಹಾಗಾಗಿ ನಿಮ್ಮ ಭಾಗದ ಅಬಕಾರಿ ಉಪ ಆಯುಕ್ತರಿಗೆ ಲಿಖಿತ ದೂರು ಕೊಡಿ. 1967ರ ಅಬಕಾರಿ ಸನ್ನದು ನಿಯಮದಲ್ಲಿ ಶಾಲೆ, ಆಸ್ಪತ್ರೆ, ದೇವಸ್ಥಾನಗಳಿಂದ 100 ಮೀಟರ್ ಅಂತರ ಇರಬೇಕು ಅಂತಿದೆ. ಆದರೆ ಅಳೆಯೋದು ಜನ ನಡೆದು ಹೋಗುವ ದಾರಿಯಲ್ಲಿ. ಗೂಗಲ್ ಮ್ಯಾಪಿನಲ್ಲಿ ಸುಮ್ನೆ ನೇರ ಗೆರೆ ಎಳೆದು ತೋರಿಸಿದರೆ ನಡೆಯೋದಿಲ್ಲ. ಎಷ್ಟೋ ದೂರುಗಳು ಬಿದ್ದುಹೋಗೋದು ಇಲ್ಲೇ ಅನ್ಸುತ್ತೆ. ಶಾಲೆಯ ಗೇಟಿನಿಂದ ಅಂಗಡಿಯ ಬಾಗಿಲಿಗೆ ಆ ದಾರಿಯಲ್ಲೇ ಟೇಪು ಹಿಡಿದು, ಫೋಟೋ ತೆಗೆದಿಡಿ. ಸನ್ನದಿನ ವರ್ಷ ಜುಲೈ 1ಕ್ಕೆ ಶುರು, ನವೀಕರಣಕ್ಕೆ ಮೊದಲೇ ದೂರು ತಲುಪಲಿ. ಇನ್ನೊಂದು, ಅದು ಸಿಎಲ್-2 (ಚಿಲ್ಲರೆ ಮಾರಾಟದ ಸನ್ನದು) ಅಂಗಡಿಯಾದರೆ ಪಾರ್ಸಲ್ ಮಾತ್ರ. ಅಲ್ಲೇ ನಿಂತು ಕುಡಿಯಲು ಬಿಡ್ತಿದ್ದರೆ ಅದನ್ನೂ ಬೇರೆಯಾಗಿ ಬರೆಯಿರಿ.