ಸಂಪಾದಕರ ಉತ್ತರ: ಇತಿಹಾಸದ ಪಾಠದೊಳಗೇ ಬರಲಿ ಕಂಪ್ಯೂಟರ್

ಮಾನ್ಯರೇ,

ಇತಿಹಾಸ ಮತ್ತು ಮಾನವಶಾಸ್ತ್ರದ ವಿದ್ಯಾರ್ಥಿಗಳಿಗೆ ಡಿಜಿಟಲ್ ಸಾಧನಗಳ ಬಳಕೆಯನ್ನು ಕಲಿಸಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದುದಕ್ಕೆ, ಕೋಲಾರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುವ ತಾವು ದೀರ್ಘವಾದ ಆಕ್ಷೇಪವನ್ನು ಬರೆದು ಕಳುಹಿಸಿದ್ದೀರಿ. ಶಾಸನದ ಒಂದು ಸಾಲನ್ನು ಓದಲಾರದ ವಿದ್ಯಾರ್ಥಿಯ ಕೈಗೆ ನಕ್ಷೆ ಬಿಡಿಸುವ ತಂತ್ರಾಂಶವನ್ನು ಕೊಟ್ಟರೆ ಅವನು ಡೇಟಾ ಎಂಟ್ರಿ ಮಾಡುವವನಾಗುತ್ತಾನೆಯೇ ಹೊರತು ಇತಿಹಾಸದ ವಿದ್ಯಾರ್ಥಿಯಾಗುವುದಿಲ್ಲ, ಮೊದಲು ಓದಲು ಕಲಿಯಲಿ, ಕಂಪ್ಯೂಟರ್ ಆಮೇಲೆ ನೋಡೋಣ ಎಂಬುದು ತಮ್ಮ ವಾದದ ತಿರುಳು. ಲ್ಯಾಬ್ ಎಲ್ಲಿದೆ, ಅತಿಥಿ ಉಪನ್ಯಾಸಕರ ಮೇಲೆ ಇನ್ನೆಷ್ಟು ಹೊರೆ ಹಾಕುತ್ತೀರಿ, ಅಂಕ ಕೊಡುವುದು ಯಾವುದಕ್ಕೆ ಎಂದೂ ಕೇಳಿದ್ದೀರಿ.

ಓದಲು ಬಾರದಿದ್ದರೆ ಉಳಿದದ್ದೇನೂ ಸಾಗದು ಎಂಬ ಮಾತನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ಓದು ಮುಗಿದ ಮೇಲೆ ಕಂಪ್ಯೂಟರ್ ಎಂಬ ಸರದಿಯನ್ನು ಮಾತ್ರ ಒಪ್ಪಲಾಗದು. ಎರಡನ್ನೂ ಬೇರೆ ಬೇರೆ ಇಟ್ಟದ್ದರಿಂದಲೇ ಈವರೆಗಿನ ಪ್ರಯತ್ನ ಕೆಟ್ಟಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021–22ರಲ್ಲಿ ರಾಜ್ಯದ ಪದವಿ ತರಗತಿಗಳಿಗೆ ಬಂದ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಪಠ್ಯ ಪತ್ರಿಕೆಯನ್ನು ನೆನೆಯಿರಿ. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್ ಕಂಪ್ಯೂಟಿಂಗ್, ಸೈಬರ್ ಸುರಕ್ಷತೆಗಳ ಪರಿಚಯ ಅದರಲ್ಲಿತ್ತು, ಆದರೆ ಬಿ.ಎ. ಓದುವ ಹುಡುಗಿ ತನ್ನ ಐಚ್ಛಿಕ ವಿಷಯಕ್ಕೆ ಇವುಗಳಿಂದ ಏನು ಪ್ರಯೋಜನವೆಂದು ತಿಳಿಯುವ ದಾರಿ ಅಲ್ಲಿರಲಿಲ್ಲ. ಅಂಥ ಇನ್ನೊಂದು ಪತ್ರಿಕೆ ಬೇಕೆಂದು ನಾವು ಕೇಳುತ್ತಿಲ್ಲ. ತಾವು ಈಗಾಗಲೇ ಪಾಠ ಮಾಡುತ್ತಿರುವ ಕರ್ನಾಟಕ ಇತಿಹಾಸದೊಳಗೆ, ತಮ್ಮದೇ ಹೋಬಳಿಯ ಹತ್ತಿಪ್ಪತ್ತು ಶಾಸನಗಳನ್ನು ಹಿಡಿದು ಒಂದು ಕೋಷ್ಟಕ ಮಾಡಿಸಿ ಎನ್ನುತ್ತಿದ್ದೇವೆ.

ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳ ಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಕೋಲಾರ ಜಿಲ್ಲೆಗೆ ಮೀಸಲಾದ 10ನೆಯ ಸಂಪುಟ 1905ರಲ್ಲಿ ಅಚ್ಚಾಯಿತು. ಅದರ ಸ್ಕ್ಯಾನ್ ಪ್ರತಿ ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರಿಗಾದರೂ ಸಿಗುತ್ತದೆ. ಅದನ್ನು ಎಕ್ಸೆಲ್ ಹಾಳೆಗೆ ಇಳಿಸಲು ಹೊರಟ ವಿದ್ಯಾರ್ಥಿ ತಾಲ್ಲೂಕಿನ ಹೆಸರಿನ ಬಳಿಯೇ ತಡವರಿಸುತ್ತಾನೆ. ಪುಸ್ತಕದಲ್ಲಿ ಬೌರಿಂಗ್‌ಪೇಟೆ ಎಂದಿರುವುದು ಇಂದಿನ ಬಂಗಾರಪೇಟೆ. ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರುಗಳು ಅದೇ ಸಂಪುಟದಲ್ಲಿವೆ, ಏಕೆಂದರೆ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಪುಸ್ತಕದಲ್ಲಿರುವ ಹೆಸರಿಗೊಂದು ಕಾಲಂ, ಇಂದಿನ ಹೆಸರಿಗೊಂದು ಕಾಲಂ ಬೇಕಾಗುತ್ತದೆ. ಆಕರ ಹೇಳುವುದನ್ನೂ ನಾವು ಹೇಳುವುದನ್ನೂ ಕೋಷ್ಟಕದ ಒಂದೇ ಮನೆಯಲ್ಲಿ ಬರೆಯಬಾರದೆಂಬುದು ಅವನಿಗೆ ಕೆಲಸದ ನಡುವೆಯೇ ತಿಳಿಯುತ್ತದೆ.

ಕಾಲದ ವಿಷಯ ಇನ್ನೂ ತೊಡಕಿನದು, ಇನ್ನೂ ಬೆಲೆಯುಳ್ಳದ್ದು. ಎಕ್ಸೆಲ್‌ನ ತಾರೀಖಿನ ಲೆಕ್ಕ 1900ರ ಜನವರಿ 1ರಿಂದ ಶುರುವಾಗುತ್ತದೆ, ಅದಕ್ಕೆ ಹಿಂದಿನ ದಿನಗಳನ್ನು ಅದು ತಾರೀಖೆಂದು ಗುರುತಿಸುವುದೇ ಇಲ್ಲ. ಆದ್ದರಿಂದ ವರ್ಷವನ್ನು ಬರಿಯ ಸಂಖ್ಯೆಯಾಗಿ ಬರೆಯಬೇಕು. ಕ್ರಿಸ್ತಶಕದ ವರ್ಷ ಸಿಗಲು ಶಕವರ್ಷಕ್ಕೆ 78 ಕೂಡಿಸಿದರಾಯಿತು ಎಂದು ನಾವೆಲ್ಲ ಹೇಳಿಕೊಡುತ್ತೇವೆ. ಆದರೆ ಶಕವರ್ಷ ಆರಂಭವಾಗುವುದು ಚೈತ್ರದಲ್ಲಾದ್ದರಿಂದ, ಶಕ 1350ರ ಕೊನೆಗೆ, ಜನವರಿ–ಫೆಬ್ರವರಿಯ ಹೊತ್ತಿಗೆ ಬರುವ ಮಾಘ ಮಾಸದ ದಾನಶಾಸನವನ್ನು ಸಾಮಾನ್ಯವಾಗಿ 1429ಕ್ಕೆ ಹಾಕಬೇಕಾಗುತ್ತದೆ, 1428ಕ್ಕಲ್ಲ. ಇನ್ನು ಶಕವರ್ಷವೇ ಇಲ್ಲದೆ ಸಂವತ್ಸರದ ಹೆಸರು ಮಾತ್ರ ಉಳಿದಿರುವ ಕಲ್ಲುಗಳಿವೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ, ಇಂಥ ಕಲ್ಲನ್ನು ಯಾವ ಆವರ್ತಕ್ಕೆ ಸೇರಿಸಬೇಕೆಂಬುದನ್ನು ಲಿಪಿಯಿಂದ, ಅರಸನ ಹೆಸರಿನಿಂದ, ಭಾಷೆಯಿಂದ ವಾದಿಸಿ ತೋರಿಸಬೇಕು. ತರಗತಿಯ ಟಿಪ್ಪಣಿಯಲ್ಲಿ ‘ಸುಮಾರು’ ಎಂದು ಬರೆದು ದಾಟಿಹೋಗಬಹುದು. ಕೋಷ್ಟಕದಲ್ಲಾದರೆ ಖಾಲಿ ಮನೆ ಎದುರಿಗೇ ಇರುತ್ತದೆ. ಅದನ್ನು ಖಾಲಿ ಬಿಡಲೇ, ತುಂಬಲೇ, ತುಂಬಿದರೆ ಯಾವ ಆಧಾರದ ಮೇಲೆ ಎಂದು ವಿದ್ಯಾರ್ಥಿಯೇ ತೀರ್ಮಾನಿಸಬೇಕು. ಇದು ಡೇಟಾ ಎಂಟ್ರಿಯಲ್ಲ, ತಾವು ಬಯಸುವ ಓದೇ ಆಗಿದೆ.

ಭಾಷೆಗೂ ಒಂದು ಕಾಲಂ ಇರಲಿ. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿರುವುದು ತಮಗೆ ಗೊತ್ತೇ ಇದೆ. ಈ ಸೀಮೆ ಆಗ ನಿಗರಿಲಿ ಚೋಳ ಮಂಡಲ ಎನಿಸಿಕೊಂಡಿತ್ತು. ಕನ್ನಡ, ತಮಿಳು, ತೆಲುಗು ಶಾಸನಗಳಿಗೆ ಒಂದೊಂದು ಬಣ್ಣ ಕೊಟ್ಟು, ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಶತಮಾನವಾರು ನಕ್ಷೆ ಮಾಡಿಸಿದರೆ, ಯಾವ ಭಾಷೆ ಯಾವ ಕಾಲಕ್ಕೆ ಎಲ್ಲಿಯವರೆಗೆ ಹಬ್ಬಿತ್ತು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ಎತ್ತುತ್ತಾರೆ. ಹಾಗೆಂದು ನಕ್ಷೆಯಲ್ಲಿ ಕಂಡದ್ದೆಲ್ಲ ಇತಿಹಾಸವಲ್ಲ. ಕ್ವಾರಿಗೆ ಹೋದ ಕಲ್ಲು, ಲೇಔಟಿನಡಿ ಹೂತುಹೋದ ಕಲ್ಲು ಅಲ್ಲಿ ಚುಕ್ಕಿಯಾಗುವುದಿಲ್ಲ ಎಂಬುದನ್ನು ಹೇಳಿಕೊಡುವುದು ಮೇಷ್ಟ್ರ ಕೆಲಸ. ಯಾವ ತಂತ್ರಾಂಶವೂ ಅದನ್ನು ಹೇಳದು.

ಕಲ್ಲು ಇರುವ ಜಾಗ ಹುಡುಕಲು ದಿಶಾಂಕ್ ಆ್ಯಪ್ ಸಾಕು. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಈ ಆ್ಯಪನ್ನು ಜಮೀನಿನ ಕೆಲಸಕ್ಕೆಂದು ತಮ್ಮ ವಿದ್ಯಾರ್ಥಿಗಳ ಮನೆಯವರೇ ಬಳಸುತ್ತಿರಬಹುದು. ಫೋಟೊಗಳನ್ನು ವಾಟ್ಸ್‌ಆ್ಯಪಿನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ಜೊತೆಗೆ ತೆಗೆದ ಸ್ಥಳದ ಮಾಹಿತಿಯೂ ಅಳಿಸಿಹೋಗುತ್ತದೆ. ಆದ್ದರಿಂದ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಲು ಹೇಳಿ. ಸವೆದ ಅಕ್ಷರಗಳು ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಾಣುವುದಿಲ್ಲ, ಬೆಳಗ್ಗೆ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಕಾಣುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಪ್ರಬಂಧಗಳಲ್ಲಿ ‘ಕೆರೆ’ ಎಂದು ಹುಡುಕಿದರೆ ಏನೂ ಸಿಗದಿರುವುದು, ಒಳಗೆ ಇರುವುದು ಕನ್ನಡದ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತ ಎಂಬ ಕಾರಣಕ್ಕೆ. ಮೊದಲ ವಾರದಲ್ಲೇ ಎಲ್ಲರೂ ಯೂನಿಕೋಡಿನಲ್ಲಿ ಬೆರಳಚ್ಚು ಮಾಡುವ ಅಭ್ಯಾಸ ಹಾಕಿಸಿದರೆ, ಮುಂದಿನ ತಂಡದವರು ಆ ಬರಹವನ್ನು ಹುಡುಕಿ ಬಳಸಬಲ್ಲರು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಕಾವಲಿಲ್ಲದ ವೀರಗಲ್ಲು, ಪಾಳುಗುಡಿಗಳ ನಿಖರ ಸ್ಥಳವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ನಿಧಿಯಾಸೆಗೆ ನೆಲ ಅಗೆಯುವವರಿಗೆ ಅದು ದಾರಿ ತೋರಿಸಿದಂತಾಗುತ್ತದೆ. ಊರಿನ ಹೆಸರು ಪ್ರಕಟವಾಗಲಿ, ಸ್ಥಳದ ಅಂಕಿಗಳು ವಿಭಾಗದಲ್ಲೇ ಇರಲಿ.

ಮಾನವಶಾಸ್ತ್ರ ನಮ್ಮ ಕಾಲೇಜುಗಳಿಗೆ ಬರುವುದು ಬಹುಮಟ್ಟಿಗೆ ಸಮಾಜಶಾಸ್ತ್ರ ಮತ್ತು ಜಾನಪದದ ಮೂಲಕ. ಅಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ತುಮಕೂರಿನ ಕಡೆಯ ಕಾಡುಗೊಲ್ಲರ ಹಟ್ಟಿಯಲ್ಲಿ ಜುಂಜಪ್ಪನ ಕಾವ್ಯ ಹಾಡುವವರ ದನಿಯನ್ನು ಮೊಬೈಲಿನಲ್ಲಿ ಹಿಡಿಯುವುದು ಸುಲಭ. ಅದನ್ನು ಯಾರಿಗೆ ಕೇಳಿಸಬಹುದು, ಹೆಸರು ಹಾಕಬಹುದೇ, ಒಂದು ಪ್ರತಿ ಹಟ್ಟಿಗೆ ಮರಳುತ್ತದೆಯೇ ಎಂಬುದನ್ನು ಹಾಡುವವರ ಎದುರು ಕುಳಿತು ಮೊದಲೇ ಕೇಳಿ, ಅವರ ಒಪ್ಪಿಗೆಯನ್ನೂ ಅದೇ ಧ್ವನಿಮುದ್ರಣದಲ್ಲಿ ದಾಖಲಿಸಬೇಕು. ಮನೆಗೆ ಬಂದ ಮೇಲೆ ಇಲಾನ್‌ನಂಥ ಉಚಿತ ತಂತ್ರಾಂಶದಲ್ಲಿ ಹಾಡಿನ ಪ್ರತಿ ಸಾಲನ್ನೂ ಅದು ಕೇಳಿಬರುವ ಕ್ಷಣಕ್ಕೆ ಜೋಡಿಸಿ ಬರೆಯಬಹುದು. ಆಗ ಬರೆದದ್ದು ಸರಿಯೇ ಎಂದು ಇನ್ನೊಬ್ಬರು ಕಿವಿಗೊಟ್ಟು ಪರೀಕ್ಷಿಸಲು ಸಾಧ್ಯ.

ಲ್ಯಾಬಿನ ಕೊರತೆ ನಿಜ. ಕೋಷ್ಟಕಕ್ಕೆ ಮೊಬೈಲ್ ಸಾಕು, ನಕ್ಷೆಗೆ ಇಡೀ ತರಗತಿಗೆ ಒಂದು ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಸಿಕ್ಕರೂ ಕೆಲಸ ನಡೆಯುತ್ತದೆ. ಅತಿಥಿ ಉಪನ್ಯಾಸಕರ ವಿಷಯದಲ್ಲಿ ಇಂಥ ಸುಲಭದ ಉತ್ತರ ನಮ್ಮಲ್ಲಿಲ್ಲ, ಇರಬಾರದು ಕೂಡ. ಕ್ಷೇತ್ರಕಾರ್ಯದ ಗಂಟೆಗಳು ಕಾರ್ಯಭಾರದ ಲೆಕ್ಕಕ್ಕೆ ಸೇರದೆ, ತರಬೇತಿಯ ದಿನಗಳಿಗೆ ಗೌರವಧನ ಸಿಗದೆ ಯಾರಿಂದಲೂ ಇದನ್ನು ನಿರೀಕ್ಷಿಸುವುದು ಅನ್ಯಾಯ. ಅದನ್ನು ವಿಶ್ವವಿದ್ಯಾಲಯಗಳೂ ಸರ್ಕಾರವೂ ಮಾಡಲೇಬೇಕು.

ಅಂಕದ ಬಗ್ಗೆ ನಮ್ಮ ಸಲಹೆ ಹೀಗಿದೆ. ನಕ್ಷೆಯ ಅಂದಚಂದಕ್ಕೆ ಅಂಕ ಬೇಡ. ಕೋಷ್ಟಕದ ಕೊನೆಯಲ್ಲಿ ‘ಸಂದೇಹ’ ಎಂಬ ಕಾಲಂ ಇರಿಸಿ, ಯಾವ ಅಕ್ಷರ ಓದಲಾಗಲಿಲ್ಲ, ಯಾವ ವರ್ಷವನ್ನು ಏಕೆ ಊಹಿಸಿದೆ, ಯಾವ ಊರನ್ನು ಗುರುತಿಸಲಾಗಲಿಲ್ಲ ಎಂದು ವಿದ್ಯಾರ್ಥಿ ಅಲ್ಲಿ ಬರೆಯಲಿ. ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಅರ್ಧದಷ್ಟನ್ನು ಆ ಒಂದು ಕಾಲಮಿಗೇ ಕೊಡಿ.

— ಸಂಪಾದಕರು