ಕಂಬಳದ ಫೋಟೋ: ಕೋಣದ ಹಿಂದೆ ಬೀಳಬೇಡಿ, ನಿಶಾನೆ ಹತ್ತಿರ ಕಾಯಿರಿ

ಪ್ರಶ್ನೆ: ನಾನು ದಾವಣಗೆರೆಯವನು. ಫೋಟೋಗ್ರಫಿ ಬರೀ ಹವ್ಯಾಸ. ಹೋದ ವರ್ಷ ಮೊದಲ ಸಲ ಮಂಗಳೂರು ಕಡೆ ಕಂಬಳ ನೋಡಲು ಹೋಗಿದ್ದೆ. ಎಂಟುನೂರು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಅರ್ಧ ಮಸುಕು, ಇನ್ನರ್ಧದಲ್ಲಿ ಕೋಣದ ಬಾಲ ಮಾತ್ರ! ಹಗಲಿನಲ್ಲಿ ತೆಗೆದದ್ದು ಬೆಳ್ಳಗೆ, ರಾತ್ರಿ ತೆಗೆದದ್ದರಲ್ಲಿ ಅಡ್ಡಡ್ಡ ಪಟ್ಟಿ. ನನ್ನ ಹತ್ತಿರ ಸಾಧಾರಣ ಡಿಎಸ್‌ಎಲ್‌ಆರ್, 18-55 ಮತ್ತು 55-250 ಲೆನ್ಸ್ ಇವೆ. ದೊಡ್ಡ ಲೆನ್ಸ್ ಕೊಳ್ಳಲೇಬೇಕಾ?

ಉತ್ತರ: ಬೇಡ, ದುಡ್ಡು ಜೇಬಲ್ಲೇ ಇರಲಿ. ನಿಮ್ಮ ಲೆನ್ಸ್ ಸಾಕು. ನೀವು ಎಡವಿದ್ದು ಬೇರೆ ಕಡೆ. ಕಣ್ಣಿಗೆ ಕೋಣ ಬಿದ್ದ ಮೇಲೆ ಕ್ಯಾಮೆರಾ ಎತ್ತಿದ್ದೀರಿ, ಅಷ್ಟರಲ್ಲಿ ಅವು ಮುಂದೆ ಹೋಗಿರುತ್ತವೆ. 2020ರಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತಲ್ವಾ, ಲೆಕ್ಕ ಹಾಕಿ, ಸೆಕೆಂಡಿಗೆ ಹತ್ತು ಮೀಟರಿಗೂ ಜಾಸ್ತಿ. ಅದರ ಹಿಂದೆ ಬಿದ್ದು ಫೋಟೋ ತೆಗೆಯಲು ಆಗುತ್ತಾ?

ಅದಕ್ಕೇ ಮೊದಲು ಆಟ ಅರ್ಥ ಮಾಡಿಕೊಳ್ಳಿ. ಓಟದ ಕೆಸರುಗದ್ದೆಗೆ ಅಲ್ಲಿಯವರು ‘ಕರೆ’ ಅಂತಾರೆ. ಕೋಣಗಳನ್ನು ಬಿಡುವ ತುದಿ ಗಂತು, ಮುಟ್ಟುವ ತುದಿ ಮಂಜೊಟ್ಟಿ. ಓಟದಲ್ಲಿ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗಗಳಿವೆ. ಹಗ್ಗ, ನೇಗಿಲಿನಲ್ಲಿ ಯಾರು ಮೊದಲು ಮುಟ್ಟಿದರು ಅನ್ನೋದೇ ಲೆಕ್ಕ. ಕನೆ ಹಲಗೆಯಲ್ಲಿ ಹಾಗಲ್ಲ, ಅಲ್ಲಿ ವೇಗಕ್ಕಿಂತ ನೀರು ಮುಖ್ಯ. ಓಡಿಸುವವರು ಹಲಗೆ ಮೇಲೆ ಕಾಲಿಟ್ಟು ನಿಂತಿರುತ್ತಾರೆ, ಹಲಗೆಯ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ, ಅದು ಆರೂವರೆ ಕೋಲು ಅಥವಾ ಏಳೂವರೆ ಕೋಲು (ಕೋಲು ಅಂದರೆ ಅಲ್ಲಿನ ಹಳೇ ಅಳತೆ) ಎತ್ತರದಲ್ಲಿ ಕಟ್ಟಿದ ನಿಶಾನೆ ಬಟ್ಟೆಗೆ ತಾಗಬೇಕು.

ಹೊಸಬರು ಕನೆ ಹಲಗೆಯಿಂದ ಶುರು ಮಾಡಿದರೆ ಒಳ್ಳೇದು ಅಂತ ನನ್ನ ಅಭಿಪ್ರಾಯ. ಯಾಕೆ ಗೊತ್ತಾ? ಮುಖ್ಯವಾದದ್ದು ಎಲ್ಲಿ ನಡೆಯುತ್ತೆ ಅಂತ ಮೊದಲೇ ಬಟ್ಟೆ ಕಟ್ಟಿ ತೋರಿಸಿರುತ್ತಾರೆ! ನಿಶಾನೆಯ ಪಕ್ಕಕ್ಕೆ, ಬೇಲಿಯ ಆಚೆ ಜಾಗ ಹಿಡಿಯಿರಿ. ಕ್ಯಾಮೆರಾ ಉದ್ದುದ್ದ ಹಿಡಿದು, ಕೆಳಗೆ ಕೋಣದ ಕಾಲು, ಮೇಲೆ ಬಟ್ಟೆ ಎರಡೂ ಫ್ರೇಮಿನೊಳಗೆ ಬರುವ ಹಾಗೆ ನೋಡಿಕೊಳ್ಳಿ. ಬಟ್ಟೆಯ ಕೆಳಗಿನ ನೀರಿಗೆ ಮೊದಲೇ ಫೋಕಸ್ ಮಾಡಿ ಮ್ಯಾನುಯಲ್‌ಗೆ ಹಾಕಿಬಿಡಿ. ಆಮೇಲೆ ಸುಮ್ನೆ ಕಾಯಿರಿ. ಬಟ್ಟೆ ಬಿಟ್ಟು ಬರೀ ನೀರಿನ ಫೋಟೋ ತೆಗೆದರೆ ಚೆಂದ ಇರುತ್ತೆ, ಆದರೆ ನೀರು ತಾಗಿತೋ ಇಲ್ಲವೋ ಗೊತ್ತಾಗಲ್ಲ. ಕೋಣದ ಯಜಮಾನರಿಗೆ ಆ ಫೋಟೋ ತೋರಿಸಿ ನೋಡಿ, ಅವರು ಮೊದಲು ಕೇಳೋದೇ ಅದನ್ನು.

ಹಗಲಿನ ಸೆಟ್ಟಿಂಗ್ ಸುಲಭ. ಶಟರ್ ವೇಗ 1/1000 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ. ಫೋಟೋ ಬೆಳ್ಳಗಾದದ್ದಕ್ಕೆ ಕಾರಣ ಕೋಣದ ಬಣ್ಣ. ಫ್ರೇಮ್ ತುಂಬ ಕಪ್ಪು ಕಂಡರೆ ಕ್ಯಾಮೆರಾ ಕತ್ತಲಿದೆ ಅಂದುಕೊಂಡು ಬೆಳಕು ಏರಿಸುತ್ತೆ, ಕೋಣ ಬೂದಿ ಬಣ್ಣಕ್ಕೆ ತಿರುಗುತ್ತೆ, ನೀರಿನ ಹನಿಗಳೆಲ್ಲ ಸುಣ್ಣ ಬಳಿದ ಹಾಗಾಗುತ್ತೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಫೋಟೋದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್, ಮೈನಸ್ 0.7ಕ್ಕೆ ಇಳಿಸಿ. ಸಂಜೆ ನಾಲ್ಕರ ಮೇಲೆ ಸೂರ್ಯನಿಗೆ ಎದುರಾಗಿ ನಿಲ್ಲಲು ಜಾಗ ಸಿಕ್ಕರೆ ಬಿಡಬೇಡಿ, ಹಿಂದಿನ ಬೆಳಕಿಗೆ ಕೆಸರಿನ ಒಂದೊಂದು ಹನಿಯೂ ಹೊಳೆಯುತ್ತೆ.

ರಾತ್ರಿಯ ಪಟ್ಟಿಗೆ ಕಾರಣ ಫ್ಲಡ್‌ಲೈಟ್. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಎಷ್ಟೋ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಕಣ್ಣಿಗೆ ಕಾಣಲ್ಲ, ವೇಗದ ಶಟರ್‌ಗೆ ಸಿಕ್ಕಿಬೀಳುತ್ತೆ. ಶಟರ್ 1/100ಕ್ಕೆ ಅಥವಾ 1/50ಕ್ಕೆ ಇಳಿಸಿದರೆ ಪಟ್ಟಿ ಮಾಯ. ಆದರೆ ಆ ವೇಗದಲ್ಲಿ ಕೋಣ ಮಸುಕಾಗುತ್ತಲ್ಲ? ಆಗಲಿ. ಓಟದ ಜೊತೆಗೇ ಸೊಂಟದಿಂದ ತಿರುಗುತ್ತಾ ಕ್ಲಿಕ್ ಮಾಡಿ, ತಲೆಗಳು ಸ್ಪಷ್ಟವಾಗಿ ಉಳಿದು ಹಿಂದಿನ ಜನ ಎಲ್ಲ ಗೀರುಗಳಾಗುತ್ತಾರೆ. ಇಪ್ಪತ್ತರಲ್ಲಿ ಒಂದು ಸರಿ ಬಂದರೂ ಲಾಭ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ, ಓಡುವ ಪ್ರಾಣಿಯ ಕಣ್ಣಿಗೆ ಬೆಳಕು ಬಡಿದರೆ ಅದು ಎತ್ತ ತಿರುಗುತ್ತೋ ಯಾರಿಗೆ ಗೊತ್ತು.

ಮಂಜೊಟ್ಟಿಯಲ್ಲಿ ಎದುರಿನಿಂದ ತೆಗೆಯುವ ಆಸೆ ಎಲ್ಲರಿಗೂ ಇರುತ್ತೆ. ಸಮಿತಿಯವರ ಒಪ್ಪಿಗೆ ಇಲ್ಲದೆ ಅಲ್ಲಿ ಇಳಿಯಬೇಡಿ. ಕೋಣಗಳು ಗೆರೆ ದಾಟಿದ ತಕ್ಷಣ ಬ್ರೇಕ್ ಹಾಕಿ ನಿಲ್ಲಲ್ಲ, ಏರು ಹತ್ತಿ ಬರುತ್ತವೆ, ಹಿಡಿಯುವವರಿಗೇ ಅಲ್ಲಿ ಜಾಗ ಸಾಲದು. ವ್ಯೂಫೈಂಡರಿನಲ್ಲಿ ಕಣ್ಣಿಟ್ಟವರಿಗೆ ದೂರ ಎಷ್ಟು ಅಂತ ತಿಳಿಯೋದೂ ಇಲ್ಲ.

ಇನ್ನೊಂದು ಮಾತು, ಓಟ ಒಂದನ್ನೇ ತೆಗೆದು ಬರಬೇಡಿ. ಓಟ ಮುಗಿದ ಮೇಲೆ ಕೋಣಗಳ ಮೈ ತೊಳೆಯುತ್ತಾರೆ, ಎಣ್ಣೆ ಹಚ್ಚುತ್ತಾರೆ, ಓಡಿಸಿದವರು ಮೈತುಂಬ ಕೆಸರಲ್ಲೇ ಚಾ ಕುಡಿಯುತ್ತಾ ಕೂತಿರುತ್ತಾರೆ. ನಿಮ್ಮ 18-55 ಕೆಲಸಕ್ಕೆ ಬರೋದು ಅಲ್ಲಿ. ಕೇಳಿ ತೆಗೆಯಿರಿ. “ಅಣ್ಣಾ, ಫೋಟೋ ದೆಪ್ಪೊಲಿಯಾ?” ಅಂತ ತುಳುವಿನಲ್ಲಿ ಕೇಳಿದರೆ ನಗುತ್ತಾರೆ, ಫೋಟೋ ಕ್ಲಿಕ್ಕಿಸುವ ಹೊತ್ತು ಅದೇ. ಬೇಡ ಅಂದರೆ ಕ್ಯಾಮೆರಾ ಇಳಿಸಿ. ಹಳ್ಳಿಗಳ ಸಾಂಪ್ರದಾಯಿಕ ಕಂಬಳಗಳಲ್ಲಿ ದೈವದ ಕಟ್ಟುಕಟ್ಟಳೆಗಳೂ ಇರುತ್ತವೆ, ಅಲ್ಲಂತೂ ಮೊದಲು ಕಂಬಳ ನಡೆಸುವ ಮನೆಯವರನ್ನು ವಿಚಾರಿಸಿಯೇ ಕ್ಯಾಮೆರಾ ಹೊರಗೆ ತೆಗೆಯಿರಿ.

ಕರೆಯ ಪಕ್ಕದಲ್ಲಿ ಲೆನ್ಸ್ ಬದಲಿಸುವ ಸಾಹಸ ಬೇಡ. ನಾನು ಒಮ್ಮೆ ಮಾಡಿ, ಕ್ಯಾಮೆರಾ ಒಳಗೇ ಕೆಸರು ಹನಿ ಬಿದ್ದು, ಆ ವರ್ಷದ ಉಳಿದ ಕಂಬಳಗಳನ್ನೆಲ್ಲ ಬರಿಗಣ್ಣಲ್ಲಿ ನೋಡಿದ್ದೆ. ಲೆನ್ಸ್ ಮುಂದೆ ಒಂದು ಯುವಿ ಫಿಲ್ಟರ್ ಇರಲಿ. ಅದರ ಮೇಲೆ ಕೆಸರು ಹಾರಿದರೆ ಅಂಗಿಯ ತುದಿಯಿಂದ ಉಜ್ಜಬೇಡಿ, ಅದರಲ್ಲಿ ಮರಳಿರುತ್ತೆ, ಗೀರು ಬೀಳುತ್ತೆ. ಫಿಲ್ಟರ್ ಬಿಚ್ಚಿ, ಬಾಟಲಿ ನೀರಲ್ಲಿ ತೊಳೆದು, ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ.