ಪ್ರತಿ: ತೇರಿನ ಲೈವ್ ನಡುವ ನಿಲ್ಲಾಕತ್ತೈತಿ

ಗದಗಿನಾಗ ತೇರು ಎಳಿಯೂದನ್ನ ಎನ್‌ಕೋಡರ್‌ನಿಂದ (ಕ್ಯಾಮೆರಾದ ವಿಡಿಯೋ ಸಣ್ಣದು ಮಾಡಿ ನೆಟ್ಟಿಗೆ ಕಳಸೂ ಸಾಧನ) ಯೂಟ್ಯೂಬಿಗೆ ಬಿಟ್ರ ಐದೈದು ನಿಮಿಷಕ್ಕ ಗಿರಗಿರ ತಿರುಗಿ ನಿಲ್ಲತೈತಿ, ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಕಳಸತೈತಿ ಅನ್ನೂ ಲೆಕ್ಕ) 8000 ಕೆಬಿಪಿಎಸ್, ಅಂದ್ರ 8 ಎಂಬಿಪಿಎಸ್, ಇಟ್ಟೇನಿ ಅಂತ ಬರದೀರಿ. ಅಲ್ಲೇ ತಪ್ಪೈತ್ರಿ. ನೀವು ಹೇಳಿದ 10 ಎಂಬಿಪಿಎಸ್ ಅಪ್‌ಲೋಡ್ ಖಾಲಿ ಹೊತ್ತಿಂದು. ತೇರಿನ ದಿನ ಎಲ್ಲಾರ ಕೈಯಾಗೂ ಮೊಬೈಲ್, 4ಜಿ ಡಾಂಗಲ್‌ಗೆ ಉಸರಾಡಾಕೂ ಜಾಗಾ ಇರೂದಿಲ್ಲ. ಗುಡಿ ಮುಂದ ನಿಂತು ಗದ್ಲದಾಗ ಸ್ಪೀಡ್ ಟೆಸ್ಟ್ ಮಾಡ್ರಿ, ಬಂದಿದ್ದರಾಗ ಅರ್ಧ ಅಷ್ಟ ಬಿಟ್‌ರೇಟ್‌ಗೆ ಕೊಡ್ರಿ. ಸೆಟ್ಟಿಂಗ್ ಹಿಂಗ ಇಡ್ರಿ: 720ಪಿ, 3000 ಕೆಬಿಪಿಎಸ್, ಎಚ್.264 (ವಿಡಿಯೋ ಸಣ್ಣದು ಮಾಡೂ ನಮೂನಿ), ಸಿಬಿಆರ್ (ಬಿಟ್‌ರೇಟ್ ಏರಿಳಿಯದಂಗ ಒಂದೇ ಸಮ ಇಡೂದು). ಮೊಬೈಲಿನಾಗ ನೋಡಾವ್ರಿಗೆ ಇದು ಸಾಕು.

ಬಾಳ ಮಂದಿ ಎಡವೂದು ಕೀಫ್ರೇಮಿನಾಗ, ಅಂದ್ರ ವಿಡಿಯೋದಾಗ ನಡನಡುವ ಬರೂ ಪೂರ್ತಿ ಚಿತ್ರದಾಗ. ಯೂಟ್ಯೂಬ್‌ಗೆ 2 ಸೆಕೆಂಡಿಗೊಂದು ಬೇಕು, 4 ದಾಟಬಾರದು. ಕೆಲವು ಎನ್‌ಕೋಡರ್ ಸೆಕೆಂಡ್ ಬಿಟ್ಟು ಫ್ರೇಮಿನ ಲೆಕ್ಕ ಕೇಳತಾವು. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮಿಂದಿದ್ರ ಜಿಒಪಿ (ಎಷ್ಟು ಫ್ರೇಮಿಗೊಂದು ಕೀಫ್ರೇಮ್ ಅನ್ನೂ ಲೆಕ್ಕ) 50 ಹಾಕ್ರಿ. ನಾನೂ ಒಮ್ಮೆ 250 ಹಂಗ ಬಿಟ್ಟು, ಒಂದ್ ಮದವಿ ಪೂರ್ತಿ ಬೀಗರ ಕಡೆ ಬೈಸ್ಕೊಂಡೇನಿ. ಆಡಿಯೋ ಎಎಸಿ ನಮೂನಿ, 128 ಕೆಬಿಪಿಎಸ್ ಇಡ್ರಿ, ಅದಕ್ಕ ತಲಿ ಕೆಡಿಸ್ಕೊಬ್ಯಾಡ್ರಿ.

ಅಂದಂಗ, ನೀವು ಹಾಕಿದ ಫೋಟೋದಾಗ ಸ್ಟ್ರೀಮ್ ಕೀ (ಲೈವ್ ಬಿಡಾಕ ಯೂಟ್ಯೂಬ್ ಕೊಡೂ ಗುಟ್ಟಿನ ಕೋಡ್) ಪೂರಾ ಕಾಣಾಕತ್ತೈತ್ರಿ. ಅದು ಸಿಕ್ಕವ್ರು ಯಾರ್ ಬೇಕಾದ್ರೂ ನಿಮ್ಮ ಚಾನೆಲ್‌ನಾಗ ಲೈವ್ ಬಿಡಬಹುದು. ಉಳಿದದ್ದು ಆಮ್ಯಾಲೆ, ಮೊದಲ ಅದನ್ನ ರೀಸೆಟ್ ಮಾಡ್ರಿ.